ಯಾರೂ ಹಾಡದ ಹಾಡು: ನೋಲ್ ಪಾರ್ಕ್‌ನಲ್ಲಿ ಬೀಟಲ್ಸ್, 1967

‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಚಿತ್ರವನ್ನು ಒಮ್ಮೆ ನೋಡಿ. ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್‌ನ ನಾಲ್ವರೂ ಇದ್ದಾರೆ, ಆದರೆ ಒಬ್ಬರೂ ತುಟಿ ಆಡಿಸುವುದಿಲ್ಲ. ಸಿನಿಮಾ ಹಾಡು ನೋಡಿ ಬೆಳೆದ ನಮಗೆ ಇದು ವಿಚಿತ್ರ ಅಲ್ವಾ? ಮ್ಯೂಸಿಕ್ ವಿಡಿಯೊ ಬೆಳೆದ ಬಗೆಯನ್ನು ಓದುವವರು ಈ ‘ಯಾಕೆ’ಯಿಂದಲೇ ಶುರು ಮಾಡುವುದು ಒಳ್ಳೆಯದು.

1966ರ ಮೇ ತಿಂಗಳಲ್ಲಿ ಇದೇ ತಂಡ ಲಂಡನ್ನಿನ ಚಿಸ್ವಿಕ್ ಹೌಸ್ ತೋಟದಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಾಡನ್ನು ಚಿತ್ರೀಕರಿಸಿತ್ತು. ಅಲ್ಲಿ ಹಾಡುವಂತೆ, ನುಡಿಸುವಂತೆ ನಟಿಸಿದ್ದಾರೆ. ಆ ವರ್ಷವೇ ಎರಡು ಸಂಗತಿ ನಡೆದವು. ಬ್ರಿಟನ್ನಿನ ಸಂಗೀತಗಾರರ ಯೂನಿಯನ್, ಟಿವಿಯಲ್ಲಿ ರೆಕಾರ್ಡ್ ಹಾಕಿ ಹಾಡುವ ನಟನೆಗೆ ತಡೆ ಹಾಕಿಸಿತು. ಆಗಸ್ಟ್ 29ರ ಸ್ಯಾನ್ ಫ್ರಾನ್ಸಿಸ್ಕೊ ಕಾರ್ಯಕ್ರಮದ ನಂತರ ಬೀಟಲ್ಸ್ ಊರೂರು ಸುತ್ತುವುದನ್ನೇ ನಿಲ್ಲಿಸಿದರು. ಹೊಸ ಹಾಡು ಜನರನ್ನು ಮುಟ್ಟಬೇಕು, ಹಾಡಿದಂತೆ ಮಾತ್ರ ತೋರಿಸುವಂತಿಲ್ಲ. ಹಾಗಾದರೆ ತೋರಿಸುವುದೇನನ್ನು?

ಉತ್ತರ ಸಿಕ್ಕಿದ್ದು ಕೆಂಟ್ ಪ್ರಾಂತ್ಯದ ಸೆವೆನೋಕ್ಸ್‌ನಲ್ಲಿ. ಅಲ್ಲಿರುವ ನೋಲ್, 15ನೇ ಶತಮಾನದಲ್ಲಿ ಆರ್ಚ್‌ಬಿಷಪ್ ಒಬ್ಬರು ಕೊಂಡು ಕಟ್ಟಿಸಿದ ಭಾರಿ ಬಂಗಲೆ. ಮುಂದೆ ಅದು ಸ್ಯಾಕ್‌ವಿಲ್ ಮನೆತನಕ್ಕೆ ಬಂತು. ಸುತ್ತ ಜಿಂಕೆಗಳಿರುವ ದೊಡ್ಡ ಪಾರ್ಕ್. 1967ರ ಜನವರಿ 30 ಮತ್ತು 31ರಂದು ಅಲ್ಲಿ ಶೂಟಿಂಗ್. ನಿರ್ದೇಶಕ ಸ್ವೀಡನ್ನಿನ ಪೀಟರ್ ಗೋಲ್ಡ್‌ಮನ್. ತಮಾಷೆ ಅಂದ್ರೆ, ಅಷ್ಟು ದೊಡ್ಡ ಬಂಗಲೆ ಬಿಟ್ಟು ಕ್ಯಾಮೆರಾ ಒಂದು ಬೋಳು ಓಕ್ ಮರದ ಹಿಂದೆ ಬಿದ್ದಿದೆ!

ಮರದ ಕೆಳಗೊಂದು ಪಿಯಾನೊ. ಅದರಿಂದ ಮರದವರೆಗೂ ತಂತಿಗಳನ್ನು ಎಳೆದು ಕಟ್ಟಿದ್ದಾರೆ. ತಂಡದ ಪಾಲ್ ಮೆಕಾರ್ಟ್ನಿ ನೆಲದಿಂದ ಹಿಮ್ಮುಖವಾಗಿ ಕೊಂಬೆಗೆ ಹಾರುತ್ತಾರೆ. ನಿಜವಾಗಿ ಮೇಲಿಂದ ಕೆಳಗೆ ಹಾರಿದ್ದು, ಫಿಲ್ಮನ್ನು ತಿರುಗುಮುರುಗಾಗಿ ಓಡಿಸಿದ್ದಾರೆ ಅಷ್ಟೇ. ಈ ಹಾಡಿನ ರೆಕಾರ್ಡಿಂಗ್‌ನಲ್ಲೂ ಹಿಮ್ಮುಖವಾಗಿ ಓಡಿಸಿದ ಸದ್ದುಗಳಿವೆ. ಹಾಗಾಗಿ ಇದು ಸುಮ್ನೆ ಮಾಡಿದ ಗಿಮಿಕ್ ಅಂತ ನನಗನಿಸುವುದಿಲ್ಲ. ಹಗಲು ಇದ್ದಕ್ಕಿದ್ದಂತೆ ರಾತ್ರಿಯಾಗುತ್ತದೆ. ಕೊನೆಗೆ ಪಿಯಾನೊ ಮೇಲೆ ಬಣ್ಣ ಸುರಿಯುತ್ತಾರೆ.

ಜನವರಿ 31ರಂದು ತಂಡದ ಜಾನ್ ಲೆನನ್ ಅದೇ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ 1843ರ ಸರ್ಕಸ್ ಪೋಸ್ಟರ್ ಕೊಂಡರು. ಬೀಟಲ್ಸ್‌ನ ‘ಬೀಯಿಂಗ್ ಫಾರ್ ದ ಬೆನಿಫಿಟ್ ಆಫ್ ಮಿಸ್ಟರ್ ಕೈಟ್’ ಹಾಡಿನ ಸಾಲುಗಳು ಬಹುಪಾಲು ಅದರಿಂದಲೇ ಬಂದವು.

ಇನ್ನೊಂದು ಹಾಡು ‘ಪೆನಿ ಲೇನ್’ಗಾಗಿ ಫೆಬ್ರುವರಿ 7ರಂದು ಮತ್ತೆ ನೋಲ್‌ಗೆ ಬಂದರು. ಕೆಂಪು ಕೋಟು, ಕುದುರೆ ಸವಾರಿ, ಬಯಲಲ್ಲೇ ಹಾಕಿದ ಊಟದ ಮೇಜು, ಎಲ್ಲ ಅಲ್ಲಿಯದೇ. ಹಾಡು ಲಿವರ್‌ಪೂಲಿನ ಬೀದಿಯೊಂದರ ಬಗ್ಗೆ, ಆದರೆ ಈ ಶೂಟಿಂಗ್‌ಗೆ ನಾಲ್ವರೂ ಅಲ್ಲಿಗೆ ಹೋಗಲೇ ಇಲ್ಲ. ಅಲ್ಲಿನ ಬಸ್ಸು, ಬೀದಿಗಳನ್ನು ಬೇರೆಯಾಗಿ ತೆಗೆದು ಸೇರಿಸಿದರು.

ಯೂನಿಯನ್ನಿನ ತಡೆ ಬರೀ ನೆಪವೇ ಅಂತ ಅನುಮಾನ ಬಂದರೆ, ಅದೇ ವರ್ಷದ ನವೆಂಬರ್ ನೋಡಿ. ‘ಹಲೋ, ಗುಡ್‌ಬೈ’ ಹಾಡಿಗೆ ತಂಡ ಮತ್ತೆ ತುಟಿ ಆಡಿಸಿ ಚಿತ್ರ ಮಾಡಿತು. ಆಗ ಬಿಬಿಸಿ ಅದನ್ನು ಪ್ರಸಾರ ಮಾಡಲಿಲ್ಲ.