ಹೆಡ್‌ಲೈಟಿನ ಮುಖವಾಡ ಕಳಚುವ ಮುನ್ನ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ನನ್ನಲ್ಲಿಗೆ ತರುವ ತಕರಾರುಗಳಲ್ಲಿ ಒಂದು ಪದೇ ಪದೇ ಬರುತ್ತದೆ. ಹಿಂದಿನ ಮಾಲೀಕರು ಹೆಡ್‌ಲೈಟಿನ ಮೇಲೆ ಕಪ್ಪು ಕವರನ್ನೋ ಕ್ರೋಮ್ ಚೌಕಟ್ಟನ್ನೋ ಅಂಟಿಸಿ ಹೋಗಿದ್ದಾರೆ. ರಾತ್ರಿ ರಸ್ತೆ ಸರಿಯಾಗಿ ಕಾಣುವುದಿಲ್ಲ. ಕಿತ್ತುಹಾಕೋಣವೆಂದರೆ ಒಳಗಿನ ಲೆನ್ಸ್ ಹಾಳಾದೀತೆಂಬ ಭಯ. ಭಯ ಸರಿಯಾದದ್ದೇ. ಕವರಿನ ಅಡಿಯಲ್ಲಿ ವರ್ಷಗಟ್ಟಲೆ ಇದ್ದೂ ಉಳಿದುಕೊಂಡ ಲೆನ್ಸು, ಅದನ್ನು ಕೀಳುವ ಅರ್ಧ ಗಂಟೆಯಲ್ಲಿ ಕೈಬಿಟ್ಟುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹೆಡ್‌ಲೈಟಿನ ಲೆನ್ಸನ್ನು ನಾವೆಲ್ಲ ಅಭ್ಯಾಸಬಲದಿಂದ ‘ಗ್ಲಾಸ್’ ಎನ್ನುತ್ತೇವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಕಾರುಗಳಲ್ಲಿ ಅದು ನಿಜವಾಗಿಯೂ ಗಾಜು. ಅದರ ಮೇಲಿನ ಅಂಟನ್ನು ಥಿನ್ನರ್ ಹಾಕಿ ಬ್ಲೇಡಿನಿಂದ ಕೆರೆದರೂ ಏನೂ ಆಗುವುದಿಲ್ಲ. ಈಗಿನ ಕಾರುಗಳಲ್ಲಿ ಇರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯದಷ್ಟು ಗಟ್ಟಿ, ಆದರೆ ಗೀರು ಬೇಗ ಬೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಅದರ ಮೇಲೊಂದು ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಅನುಮಾನವಿದ್ದರೆ ಉಗುರಿನಿಂದ ತಟ್ಟಿ ನೋಡಿ. ಗಾಜಿನ ಸದ್ದೇ ಬೇರೆ.

ಇನ್ನು ಅಂಟು. ಕ್ರೋಮ್ ಚೌಕಟ್ಟುಗಳು ಸಾಮಾನ್ಯವಾಗಿ ಎರಡು ಬದಿ ಅಂಟಿರುವ ಫೋಮ್ ಟೇಪಿನ ಮೇಲೆ ನಿಂತಿರುತ್ತವೆ. ಪೂರ್ತಿ ಕವರಿಗೆ ಅಂಚಿನುದ್ದಕ್ಕೂ ಸಿಲಿಕಾನ್ ಎಳೆದಿರುವುದುಂಟು. ಇವೆರಡೂ ಬಗ್ಗುವ ಜಾತಿ. ಟೇಪು ಸಡಿಲವಾದಾಗ ಯಾರೋ ತೊಟ್ಟು ತೊಟ್ಟು ಇನ್‌ಸ್ಟಂಟ್ ಗ್ಲೂ ಹಾಕಿಟ್ಟಿದ್ದರೆ ಮಾತ್ರ ಕೆಲಸ ಕಷ್ಟ. ಅಂಚಿನಲ್ಲಿ ಬಿಳಿಯ ಪುಡಿಯಂಥ ಕಲೆ, ಗಾಜಿನ ಹನಿಯಂತೆ ಗಟ್ಟಿಯಾದ ಬಿಂದುಗಳು ಕಂಡರೆ ಅದೇ ಎಂದು ತಿಳಿಯಿರಿ.

ಟೇಪಿಗೆ ಬೇಕಾದದ್ದು ಹದವಾದ ಶಾಖ. ಮನೆಯ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಕೆಲವೇ ನಿಮಿಷಗಳಲ್ಲಿ ಲೆನ್ಸನ್ನು ಸೊಟ್ಟ ಮಾಡಬಲ್ಲದು. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ, ಗನ್ನಿನ ಮೂತಿಯಿಂದ ಬರುವ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಅಂಚನ್ನು ಮುಟ್ಟಿದರೆ ಬೆರಳು ತಾನಾಗಿ ಹಿಂದೆ ಸರಿಯಬೇಕು, ಸುಡಬಾರದು. ಆಗ ಗಾಳದ ನೈಲಾನ್ ದಾರವನ್ನು ಮೂಲೆಯಲ್ಲಿ ಒಳಸೇರಿಸಿ, ಎರಡೂ ತುದಿಗಳನ್ನು ಕಡ್ಡಿಗೆ ಸುತ್ತಿಕೊಂಡು, ಗರಗಸದಂತೆ ಆಚೀಚೆ ಎಳೆಯಿರಿ. ದಾರ ಬಿಗಿಯಾದರೆ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಪಕ್ಕದ ಬಾನೆಟ್ಟಿಗೂ ಬಂಪರಿಗೂ ಮಾಸ್ಕಿಂಗ್ ಟೇಪ್ ಹಚ್ಚಿರಬೇಕು, ಇಲ್ಲವಾದರೆ ದಾರ ಅಲ್ಲಿನ ಪೇಂಟನ್ನು ಕೊಯ್ಯುತ್ತದೆ. ಸಿಲಿಕಾನ್ ಆಗಿದ್ದರೆ ಶಾಖದಿಂದ ಪ್ರಯೋಜನವಿಲ್ಲ, ದಾರದಿಂದಲೇ ಕತ್ತರಿಸಬೇಕು.

ಚೌಕಟ್ಟು ಬಂದ ಮೇಲೆ ಬೂದುಬಣ್ಣದ ಫೋಮ್ ಲೆನ್ಸಿನ ಮೇಲೆಯೇ ಉಳಿಯುತ್ತದೆ. ಇನ್ನಷ್ಟು ಬಿಸಿ ಕೊಟ್ಟು ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಅದು ಶ್ಯಾವಿಗೆಯಂತೆ ಉರುಳುರುಳಿ ಬರುತ್ತದೆ. ಬೇಸರದ ಕೆಲಸ, ಹೆಬ್ಬೆರಳು ಉರಿಯುತ್ತದೆ, ಆದರೂ ಇದಕ್ಕಿಂತ ಸುರಕ್ಷಿತ ದಾರಿ ನನಗೆ ಗೊತ್ತಿಲ್ಲ. ಕೊನೆಯ ಜಿಗುಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಮೆತ್ತನೆಯ ಬಟ್ಟೆ.

ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರಿನ ಅಸಿಟೋನ್ ಹತ್ತಿರವೂ ಸುಳಿಯಬಾರದು. ಒರೆಸಿದ ಕ್ಷಣ ಚೆನ್ನಾಗಿಯೇ ಕಾಣಬಹುದು. ಆದರೆ ಅಚ್ಚಿನಲ್ಲಿ ಎರಕವಾಗುವಾಗ ಪ್ಲಾಸ್ಟಿಕ್ಕಿನೊಳಗೆ ಸೇರಿಕೊಂಡ ಬಿಗಿತ ಈ ದ್ರಾವಕಗಳು ತಾಗಿದ ಮೇಲೆ ಬಿರುಕಾಗಿ ಹೊರಬರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಒಳಗೆ ಕೂದಲೆಳೆಯ ಗೆರೆಗಳು ಮಿನುಗುತ್ತವೆ. ಆಳಕ್ಕೆ ಇಳಿದ ಇಂಥ ಬಿರುಕು ಯಾವ ಪಾಲಿಶಿಗೂ ಹೋಗುವುದಿಲ್ಲ. ಇನ್‌ಸ್ಟಂಟ್ ಗ್ಲೂ ಕಂಡೊಡನೆ ಅಸಿಟೋನ್ ಹುಡುಕುವವರಿಗೂ ಇದೇ ಉತ್ತರ. ಆ ಹನಿಗಳನ್ನು ಕರಗಿಸಲು ಹೋಗಬೇಡಿ, ನೀರು ಹಾಕಿ ಉಜ್ಜುವ ಉಪ್ಪುಕಾಗದದಿಂದ, ಅಂದರೆ ವಾಟರ್ ಪೇಪರಿನಿಂದ, ಸವೆಸಿ ಇಳಿಸಿ.

ಹೇಗೂ ವಾಟರ್ ಪೇಪರ್ ಹಿಡಿಯಲೇಬೇಕು. ಕವರಿದ್ದ ಕಡೆ ಒಂದು ಬಣ್ಣ, ಇಲ್ಲದ ಕಡೆ ಇನ್ನೊಂದು. ನಡುವೆ ಚೌಕಟ್ಟಿನ ಗೆರೆ ಅಚ್ಚೊತ್ತಿರುತ್ತದೆ. ಹಳೆಯ ಲೇಪ ಅಲ್ಲಲ್ಲಿ ಎದ್ದಿದ್ದರೆ ಅದನ್ನು ಪೂರ್ತಿ ತೆಗೆಯದೆ ಹೊಸ ಹೊಳಪು ನಿಲ್ಲುವುದಿಲ್ಲ. 600 ಅಥವಾ 800 ನಂಬರಿನ ಪೇಪರಿನಿಂದ ಶುರುಮಾಡಿ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು), ನೀರು ಬಿಡುತ್ತಲೇ ಇರಿ. ಇಳಿಯುವ ನೀರನ್ನು ಗಮನಿಸಿ. ಮೊದಲು ಹಳದಿ ಬೆರೆತ ಕೊಳೆ ನೀರು, ಹಳೆಯ ಲೇಪ ಮುಗಿದ ಮೇಲೆ ಹಾಲಿನಂಥ ಬಿಳಿ. ಲೆನ್ಸಿನ ಎಲ್ಲ ಕಡೆಯೂ ಬಿಳಿ ನೀರೇ ಬರುವ ತನಕ ಮುಂದಿನ ಪೇಪರಿಗೆ ಹೋಗಬೇಡಿ. ಆಮೇಲೆ 1000, 1500.

ಈ ಹಂತದಲ್ಲಿ ಲೆನ್ಸು ಮಂಜು ಕವಿದಂತೆ ಕಂಡು ಗಾಬರಿ ಹುಟ್ಟಿಸುತ್ತದೆ. ಅದರ ಮೇಲೆ ನೀರು ಚಿಮುಕಿಸಿ ನೋಡಿ. ಒದ್ದೆಯಿದ್ದಾಗ ಎಷ್ಟು ತಿಳಿಯಾಗಿ ಕಾಣುತ್ತದೋ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಬಿದ್ದ ಮೇಲೆ ಹೆಚ್ಚುಕಡಿಮೆ ಅಷ್ಟೇ ತಿಳಿಯಾಗುತ್ತದೆ. ಒದ್ದೆಯಲ್ಲೂ ಗೀರು ಕಂಡರೆ ಮತ್ತೆ ಉಜ್ಜಬೇಕು. ಹೊಡೆಯಬೇಕಾದದ್ದು ಹಾರ್ಡ್‌ನರ್ ಬೆರೆಸುವ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್. ಅದರಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ತಕ್ಕ ಮಾಸ್ಕ್ ಇಲ್ಲದಿದ್ದರೆ ಇದೊಂದು ಕೆಲಸವನ್ನು ಪೇಂಟರಿಗೇ ಬಿಡುವುದು ಒಳ್ಳೆಯದು.

ಟೂತ್‌ಪೇಸ್ಟ್ ವಿಡಿಯೊಗಳನ್ನು ನಂಬಿದವರಿಗೂ ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪಿಸಿ ಕಳುಹಿಸುವವರಿಗೂ ಹೊಳಪು ಸಿಗುವುದು ನಿಜ. ಆದರೆ ಲೇಪವಿಲ್ಲದ ಪ್ಲಾಸ್ಟಿಕ್ ಬಿಸಿಲಿಗೆ ಬರಿಮೈಯಲ್ಲಿ ನಿಂತಿರುತ್ತದೆ, ತಿಂಗಳುಗಳಲ್ಲೇ ಮತ್ತೆ ಹಳದಿ. ಈಚೆಗೆ ಬಂದಿರುವ ಆವಿಯ ಕಿಟ್ಟಂತೂ ನನಗೆ ಸ್ವಲ್ಪವೂ ಹಿಡಿಸಿಲ್ಲ. ಬಿಸಿಯಾಗುವ ಲೋಟದಿಂದ ಹೊಮ್ಮುವ ದ್ರಾವಕದ ಆವಿ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ನುಣುಪು ಮಾಡುತ್ತದೆ. ನೋಡಲು ಮಾಯಾಜಾಲ. ಆ ಆವಿ ಉಸಿರಿಗೆ ವಿಷ, ಬಿರುಕಿಗೆ ಆಹ್ವಾನ, ಬಿಸಿಲಿನಿಂದ ರಕ್ಷಣೆಯೂ ಇಲ್ಲ.

ಒಳಗಿನಿಂದ ಮಸುಕಾದ ಲೆನ್ಸಿಗೆ ಹೊರಗೆ ಎಷ್ಟು ಉಜ್ಜಿದರೂ ವ್ಯರ್ಥ. ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಸುಟ್ಟುಹೋಗಿದ್ದರೆ ಹೊಸ ಹೆಡ್‌ಲೈಟೇ ಗತಿ. ಉಜ್ಜುವ ಮೊದಲೇ ಟಾರ್ಚ್ ಹಾಕಿ ಇದನ್ನು ನೋಡಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಎಲ್ಲ ಮುಗಿದು ಲೆನ್ಸು ಫಳಫಳಿಸುವಾಗ ‘ಇನ್ನೊಂದು ಕವರ್ ಹಾಕಿಬಿಡಿ, ಹೀಗೇ ಉಳಿಯಲಿ’ ಎನ್ನುವವರಿದ್ದಾರೆ. ಕವರಿನ ಸಂದಿಗೆ ಧೂಳೂ ಮಳೆನೀರೂ ಇಳಿದು, ಕಾರು ಅದುರಿದಾಗಲೆಲ್ಲ ಆ ಧೂಳೇ ಲೆನ್ಸನ್ನು ಉಜ್ಜುತ್ತದೆ. ರಕ್ಷಣೆಯೇ ಬೇಕಾದರೆ ಪೂರ್ತಿ ಮೈಗಂಟುವ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್ ಇದೆ. ಕ್ಲಿಯರ್ ಕೋಟ್ ಚೆನ್ನಾಗಿ ಗಟ್ಟಿಯಾಗಲು ಕೆಲವು ವಾರ ಬಿಟ್ಟು ಅದನ್ನು ಹಾಕಿಸಿ. ಅದರಲ್ಲೂ ಕಪ್ಪು ಬಣ್ಣದ್ದು ಕೇಳಿದರೆ ನಾನು ಹಾಕಿಕೊಡುವುದಿಲ್ಲ.