ಆಟಿಕೆ ಕೋವಿಗೆ ಎಂಬತ್ತು ವರ್ಷ ತುಂಬಿಸುವುದು

ಠಾಣೆಯ ಬಾಗಿಲಲ್ಲಿ ಕಾವಲಿಗೆ ನಿಂತ ಪೇದೆಯ ಕೈಯಲ್ಲಿ ಮೊದಲೆಲ್ಲ ಮರದ ಮೈಯ ಉದ್ದನೆ ಬಂದೂಕು ಇರುತ್ತಿತ್ತು. ತ್ರೀ ನಾಟ್ ತ್ರೀ. ಅದು ಬ್ರಿಟಿಷರ ಲೀ-ಎನ್‌ಫೀಲ್ಡ್. ನಮ್ಮ ದೇಶದಲ್ಲೂ, ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಅದನ್ನು ಕೈಬಿಟ್ಟಿದ್ದೇ 2020ರಲ್ಲಿ. ಆ ಬಂದೂಕನ್ನು ದೂರದಿಂದ ಕಂಡರೂ ಸಾಕು, ಇದು ಹಳೇದು ಅಂತ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು?

ಈ ಪ್ರಶ್ನೆಯ ಬೆನ್ನು ಹತ್ತಿ ರಜೆಯನ್ನೆಲ್ಲ ಕಳೆಯುವವರು ಬ್ರಿಟನ್ನಿನಲ್ಲೂ ಜಪಾನಿನಲ್ಲೂ ಇದ್ದಾರೆ. ಅವರ ಕೈಯಲ್ಲಿರುವುದು ಏರ್‌ಸಾಫ್ಟ್ ಬಂದೂಕು. 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡು ಹಾರಿಸುವ, ಒಬ್ಬರಿಗೊಬ್ಬರು ಹೊಡೆದುಕೊಂಡು ಆಡುವ ಆಟಿಕೆ. ಅದು ಹಳೇ ನಿಜ ಬಂದೂಕಿನ ಹಾಗೇ ಕಾಣಬೇಕು ಅನ್ನುವುದು ಅವರ ಹಟ. ಇದು 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿತು. ಅಲ್ಲಿ ನಿಜವಾದ ಬಂದೂಕು ಇಟ್ಟುಕೊಳ್ಳುವುದು ಬಹಳ ಕಷ್ಟ. ಗುಂಡಿನ ತೂಕ ಸಾಮಾನ್ಯವಾಗಿ 0.2 ಗ್ರಾಂ. ಅದರ ಶಕ್ತಿ 1 ಜೂಲ್ ಮುಟ್ಟಬಾರದು ಅನ್ನುವುದು ಜಪಾನಿನ ಕಾನೂನು. ತ್ರೀ ನಾಟ್ ತ್ರೀ ಗುಂಡಿನ ತೂಕ ಸುಮಾರು 11 ಗ್ರಾಂ, ಶಕ್ತಿ ಸುಮಾರು 3,000 ಜೂಲ್. ಹಾಗಂತ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕದೆ ಆಡಿದರೆ ಆ 1 ಜೂಲೇ ಕಣ್ಣು ತೆಗೆಯಲು ಸಾಕು.

ಹೊಸದಾಗಿ ಕೊಂಡ ಲೀ-ಎನ್‌ಫೀಲ್ಡ್ ಆಟಿಕೆ ಮದುವೆಮನೆಯ ಬಾಡಿಗೆ ಕುರ್ಚಿಯ ಹಾಗೆ ಮಿರಿಮಿರಿ ಮಿಂಚುತ್ತದೆ. ಇದನ್ನು ಹಳೆಯದಾಗಿಸಲು ಹೊರಟ ಹೊಸಬರು ಮಾಡುವ ಮೊದಲ ತಪ್ಪು, ಸ್ಯಾಂಡ್‌ಪೇಪರ್ ಹಿಡಿದು ಎಲ್ಲ ಅಂಚುಗಳನ್ನೂ ಒಂದೇ ಸಮನೆ ಉಜ್ಜುವುದು. ನಿಜವಾದ ಬಂದೂಕು ಹಾಗೆ ಸವೆಯುವುದಿಲ್ಲ. ಕೈ ಹೋದಲ್ಲಿ ಮಾತ್ರ ಸವೆಯುತ್ತದೆ. ಬೋಲ್ಟಿನ, ಅಂದರೆ ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಸರಳಿನ, ಉರುಟು ಹಿಡಿ ಹೊಳೆಯುತ್ತದೆ. ಸಿಪಾಯಿ ಒಂದೇ ಕೈಯಲ್ಲಿ ಎತ್ತಿ ನಡೆಯುವಾಗ ಹಿಡಿಯುವ ಜಾಗ, ಅಂದರೆ ತೂಕ ಎರಡೂ ಕಡೆ ಸಮನಾಗುವ ಜಾಗ, ನುಣುಪಾಗುತ್ತದೆ. ನೆಲಕ್ಕೆ ಊರುವ ಬುಡಕ್ಕೆ ಪೆಟ್ಟು ಬಿದ್ದಿರುತ್ತದೆ. ಯಾರ ಬೆರಳೂ ತಲುಪದ ಮೂಲೆಯಲ್ಲಿ ಕಪ್ಪು ಬಣ್ಣ ಹೊಸದರಂತೆ ಉಳಿದಿರುತ್ತದೆ. ಆ ಮೂಲೆಯನ್ನೂ ಉಜ್ಜಿದಿರೋ, ಬಲ್ಲವರು ನೋಡಿದ ತಕ್ಷಣ ನಗುತ್ತಾರೆ.

ಆಮೇಲಿನ ತೊಡಕು ಲೋಹದ್ದು. ಆಟಿಕೆಯ ಹೆಚ್ಚಿನ ಭಾಗಗಳು ಸತುವಿನ ಮಿಶ್ರಲೋಹ. ಅದು 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ, ಅಚ್ಚಿಗೆ ಹೊಯ್ಯುವುದು ಸುಲಭ, ಅಗ್ಗ. ಆದರೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಅದೇ ಇಲ್ಲಿ ತೊಂದರೆ! ಯಾಕೆಂದರೆ ಹಳೆ ಬಂದೂಕಿನ ಆ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ, ಪಳಗಿಸಿದ ತುಕ್ಕು. ಉಕ್ಕಿನ ನಳಿಕೆಯ ಮೇಲೆ ಬೇಕಂತಲೇ ಕೆಂಪು ತುಕ್ಕು ಬರಿಸಿ, ಕುದಿಯುವ ಶುದ್ಧ ನೀರಿಗೆ ಹಾಕಿದರೆ ತುಕ್ಕು ಕಪ್ಪಾಗುತ್ತದೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ್ದೇ ಇನ್ನೊಂದು ಆಕ್ಸೈಡ್. ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದು ಇದನ್ನೇ ಹಲವು ಸಲ ಮಾಡಿದರೆ ತೆಳುವಾದ ಗಟ್ಟಿ ಪದರ ಕೂರುತ್ತದೆ. ಅದು ಎಣ್ಣೆ ಹೀರಿಕೊಂಡು ಒಳಗಿನ ಉಕ್ಕನ್ನು ಕಾಯುತ್ತದೆ.

ಸತುವಿಗೆ ಬೇರೆಯೇ ದಾರಿ. ಅಡಿಕೆ ತೋಟದವರಿಗೆ ಮೈಲುತುತ್ತ ಗೊತ್ತಲ್ವಾ, ಬೋರ್ಡೋ ದ್ರಾವಣಕ್ಕೆ ಹಾಕುವ ನೀಲಿ ಹರಳು? ಅದರ ನೀರಿಗೆ ಸತುವಿನ ಚೂರು ಹಾಕಿದರೆ ಸತು ಕರಗಿ ತಾಮ್ರಕ್ಕೆ ಜಾಗ ಬಿಡುತ್ತದೆ. ಹಾಗೆ ಕೂತ ತಾಮ್ರ ಎಷ್ಟು ನವಿರು ಪುಡಿಯೆಂದರೆ ಕೆಂಪಗೆ ಕಾಣುವ ಬದಲು ಕಪ್ಪಗೆ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಕಪ್ಪಾಗಿಸುವ ದ್ರಾವಣಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವುಗಳಲ್ಲಿ ಸೆಲೆನಿಯಮ್ ಕೂಡ ಇರುವುದುಂಟು. ಅದು ವಿಷ, ಕೈಗವಸು ಬೇಕೇ ಬೇಕು. ಹಟಮಾರಿಗಳು ಇಷ್ಟೆಲ್ಲ ರಗಳೆಯೇ ಬೇಡ ಅಂತ ಹೊರಗಿನ ನಳಿಕೆಯನ್ನೇ ಉಕ್ಕಿನದಕ್ಕೆ ಬದಲಾಯಿಸುತ್ತಾರೆ. ನನ್ನ ಓಟು ಅವರಿಗೇ. ಉಕ್ಕು ತಾನಾಗಿ ಮುಪ್ಪಾಗುತ್ತದೆ, ನಾವು ನಟಿಸುವ ಕೆಲಸ ಅರ್ಧ ಕಡಿಮೆ.

ನನಗೆ ಜಾಸ್ತಿ ಇಷ್ಟ ಮರದ ಕೆಲಸ. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆ ಕಪ್ಪಾಗುವುದನ್ನು ಯಾರು ನೋಡಿಲ್ಲ? ಕಾಯಿಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜತೆ ಸೇರಿ ಆದ ಕಪ್ಪು ಅದು. ಅಳಲೆಕಾಯಿ ನೀರಲ್ಲಿ ಅದ್ದಿದ ಬಟ್ಟೆಯ ಮೇಲೆ ಕಲಂಕಾರಿಯವರು ಬೆಲ್ಲ-ಕಬ್ಬಿಣದ ನೀರಿನಿಂದ ಕಪ್ಪು ಗೆರೆ ಎಳೆಯುವುದೂ ಇದನ್ನೇ ನಂಬಿ. ಇಲ್ಲಿ ಕಬ್ಬಿಣದ ನಾರನ್ನು ವಿನಿಗರ್‌ನಲ್ಲಿ ಕೆಲವು ದಿನ ನೆನೆಸಿ, ಆ ನೀರನ್ನು ಮರಕ್ಕೆ ಸವರುತ್ತಾರೆ. ಮರದಲ್ಲಿ ಒಗರು ಕಡಿಮೆಯಿದ್ದರೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಕುಡಿಸುತ್ತಾರೆ. ಹೊಸ ಮರ ನಿಮಿಷಗಳಲ್ಲಿ ಮಬ್ಬಾಗುತ್ತದೆ.

ಅದರ ಮೇಲೆ ಅಗಸೆ ಎಣ್ಣೆ. ಬ್ರಿಟಿಷ್ ಸಿಪಾಯಿಗಳೂ ಬಂದೂಕಿನ ಮರಕ್ಕೆ ಅದನ್ನೇ ತಿಕ್ಕುತ್ತಿದ್ದರು. ಅದು ನೀರಿನಂತೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ, ಅಣುಗಳು ಒಂದಕ್ಕೊಂದು ಕೈ ಹಿಡಿದು ಗಟ್ಟಿಯಾಗುತ್ತವೆ. ಆಗ ಬಿಸಿ ಹುಟ್ಟುತ್ತದೆ. ಮರದ ಮೇಲೆ ಅದು ಗೊತ್ತೇ ಆಗುವುದಿಲ್ಲ. ಆದರೆ ಎಣ್ಣೆ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಯಲಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು.

ಕಣ್ಣಿಗೆ ಮೋಸ ಮಾಡಬಹುದು, ಕೈಗೆ ಕಷ್ಟ. ನಿಜವಾದ ಲೀ-ಎನ್‌ಫೀಲ್ಡ್ 4 ಕಿಲೋ ಹತ್ತಿರ ತೂಗುತ್ತದೆ. ಆಟಿಕೆಯಲ್ಲಿ ಹಿತ್ತಾಳೆ, ಅಲ್ಯೂಮಿನಿಯಮ್‌ನ ತೆಳು ಕೊಳವೆಗಳು. ತೂಕ ಸೇರಿಸಬೇಕೆಂದು ಸುಮ್ನೆ ಬುಡದ ಪೊಳ್ಳಿಗೆ ಉಕ್ಕಿನ ಸರಳು ತುರುಕಿದರೆ ತಕ್ಕಡಿಯಲ್ಲಿ ಲೆಕ್ಕ ಸರಿಹೋದರೂ ಕೈಗೆ ತಪ್ಪು ತಿಳಿಯುತ್ತದೆ. ನಿಜದ ಭಾರ ಹೆಚ್ಚಾಗಿ ನಳಿಕೆಯ ಉದ್ದಕ್ಕೂ ಹರಡಿದೆ, ಹಾಗಾಗಿ ತಿರುಗಿಸುವಾಗ ಮೂತಿ ಸೋಮಾರಿಯಂತೆ ನಿಧಾನ ಬರುತ್ತದೆ. ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತವಂತೂ ಬರುವುದೇ ಇಲ್ಲ. ಒದೆತ ನಿಂತಿರುವುದು ಗುಂಡಿನ ತೂಕ ಮತ್ತು ವೇಗದ ಗುಣಲಬ್ಧದ ಮೇಲೆ. ಪ್ಲಾಸ್ಟಿಕ್ ಗುಂಡಿನದು ನಿಜದ ಗುಂಡಿನದರ ನಾನೂರರಲ್ಲಿ ಒಂದು ಪಾಲು, ಅಷ್ಟೇ.

ಇಷ್ಟಾದ ಮೇಲೆ ಕಾನೂನು. ಅಮೆರಿಕದಲ್ಲಿ ಆಟಿಕೆಯ ಮೂತಿಗೆ ಕಿತ್ತಳೆ ಬಣ್ಣ ಹಚ್ಚಿಯೇ ಮಾರುತ್ತಾರೆ. ಅದನ್ನು ಮುಟ್ಟದೆ ಬಿಡುವುದು ಜಾಣತನ, ಪೊಲೀಸರ ಕಣ್ಣಿಗೆ ಬೀಳುವ ಗುರುತು ಅದೊಂದೇ. ಬ್ರಿಟನ್ನಿನ 2006ರ ಕಾಯ್ದೆ ನಿಜದಂತೆ ಕಾಣುವ ನಕಲುಗಳ ಮಾರಾಟವನ್ನೇ ತಡೆಯಿತು. ಏರ್‌ಸಾಫ್ಟ್ ಆಡುವವರಿಗೆ, ಹಳೆ ಯುದ್ಧಗಳನ್ನು ವೇಷ ಕಟ್ಟಿ ಆಡಿ ತೋರಿಸುವವರಿಗೆ ವಿನಾಯಿತಿ ಉಂಟು. 1870ಕ್ಕೂ ಹಿಂದಿನ ಮಾದರಿಯ ನಕಲಾದರೆ ಆ ತಡೆಯೇ ಇಲ್ಲ. ಲೀ-ಎನ್‌ಫೀಲ್ಡ್ ಬಂದದ್ದು 1895ರಲ್ಲಿ. ಹಾಗಾಗಿ ತಿಂಗಳುಗಟ್ಟಲೆ ತುಕ್ಕು, ಎಣ್ಣೆ, ಟೀ ಅಂತ ಒದ್ದಾಡಿ ಥೇಟ್ ನಿಜದ್ದರಂತೆ ಮಾಡಿದವರು, ಆಟದ ಮೈದಾನಕ್ಕೆ ಹೊರಡುವಾಗ ಅದನ್ನು ಯಾರಿಗೂ ಕಾಣದಂತೆ ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಸ್ಸು ಹತ್ತುತ್ತಾರೆ.