ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕೆಂಬ ನಿಯಮ

ಕಕ್ಕಡದ ಮಳೆಗಾಲದಲ್ಲಿ ಕೊಡಗಿನ ಮನೆಗಳಲ್ಲಿ ಕಾಗದಗಳನ್ನು ಕಾಪಾಡುವುದೇ ಕಷ್ಟ. ಪೊನ್ನಂಪೇಟೆ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಡಿಸ್ಚಾರ್ಜ್ ಪುಸ್ತಕವನ್ನೂ ವೈದ್ಯಕೀಯ ಮಂಡಳಿಯ ವರದಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರೂ ವರದಿಯ ಅಂಚಿಗೆ ಬೂಷ್ಟು ಹಿಡಿದಿದೆ. ಅದರ ಜೊತೆಗಿರುವ ಹೊಸ ಪತ್ರವೊಂದು, ಅವರ ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿಯನ್ನು ಮರಳಿಸಿ, ಹೆಚ್ಚಿನ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕೆಂದು ಸೂಚಿಸುತ್ತದೆ.

1961ರ ಸೇನಾ ಪಿಂಚಣಿ ನಿಯಮಾವಳಿಯ ಪ್ರಕಾರ, ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯವು ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಪಿಂಚಣಿ ಸಲ್ಲುತ್ತದೆ. ಗುಂಡೇಟಿನ ಗಾಯದಲ್ಲಿ ಇದನ್ನು ತೀರ್ಮಾನಿಸುವುದು ಸುಲಭ. ರಕ್ತದೊತ್ತಡ, ಮಧುಮೇಹ, ಮಾನಸಿಕ ಕಾಯಿಲೆಗಳಲ್ಲಿ ವ್ಯಾಜ್ಯ ಹುಟ್ಟುತ್ತದೆ. 1982ರ ಅರ್ಹತಾ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿದ್ದವು: ಭರ್ತಿಯಾಗುವಾಗ ಕಾಯಿಲೆಯ ಟಿಪ್ಪಣಿ ಇರದಿದ್ದರೆ ಅದು ಸೇವೆಯಲ್ಲೇ ಬಂದುದೆಂದು ಸಾಮಾನ್ಯವಾಗಿ ಭಾವಿಸಬೇಕು, ರುಜುವಾತಿನ ಹೊಣೆಯನ್ನು ಅರ್ಜಿದಾರನ ಮೇಲೆ ಹೊರಿಸಬಾರದು, ಸಕಾರಣವಾದ ಸಂಶಯವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು. ಮೊದಲ ತಪಾಸಣೆಯಲ್ಲಿ ಪತ್ತೆಹಚ್ಚಲು ಸಾಧ್ಯವಿಲ್ಲದ ಕಾಯಿಲೆ ಎನ್ನುವುದಾದರೆ ವೈದ್ಯರು ಕಾರಣ ಬರೆಯಬೇಕಿತ್ತು.

ಆದರೆ ಅನೇಕ ವರದಿಗಳಲ್ಲಿ ಕಾರಣದ ಜಾಗದಲ್ಲಿ ‘ಸೇವೆಗೆ ಸಂಬಂಧಿಸಿದ್ದಲ್ಲ’ ಎಂಬ ಒಂದೇ ಸಾಲು ಬಂತು. 1985ರಲ್ಲಿ ಸೇನೆ ಸೇರಿ, ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಹೊರಬಂದ ಧರಮ್‌ವೀರ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಅಂಥ ಅಭಿಪ್ರಾಯವನ್ನು ಒಪ್ಪದೆ ಪಿಂಚಣಿ ನೀಡಲು ಆದೇಶಿಸಿತು. 2015ರ ರಾಜ್‌ಬೀರ್ ಸಿಂಗ್ ತೀರ್ಪು ಅದನ್ನೇ ಎತ್ತಿಹಿಡಿಯಿತು. ಈ ನಡುವೆ 2008ರಲ್ಲಿಯೂ 2023ರ ಸೆಪ್ಟೆಂಬರಿನಲ್ಲಿಯೂ ಹೊಸ ನಿಯಮಗಳು ಬಂದುದರಿಂದ, ಸೇವೆ ಬಿಟ್ಟ ದಿನಾಂಕ ಯಾವುದೆಂಬುದನ್ನು ಮೊದಲು ನೋಡಬೇಕಾಗುತ್ತದೆ.

ಮೇಲ್ಮನವಿಯನ್ನು ಮರಳಿಸುವುದು ತಿರಸ್ಕಾರವಲ್ಲ, ನಿಜ. ವೈದ್ಯಕೀಯ ಮಂಡಳಿ ಕಾರಣ ಬರೆದಿಲ್ಲವೆಂದು ಮರುತಪಾಸಣೆಗೆ ಕಳುಹಿಸುವುದಾದರೆ ಅದು ನ್ಯಾಯವೇ. ಹಳೆಯ ಚೀಟಿಗಳನ್ನು ಹುಡುಕಿ ತರಲು ಸೈನಿಕನಿಗೇ ಹೇಳುವುದು ಮಾತ್ರ 1982ರ ನಿಯಮದ ಆಶಯವನ್ನೇ ತಲೆಕೆಳಗು ಮಾಡಿದಂತೆ. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳ ಈ ನಾಡಿನಿಂದ ಬೆಂಗಳೂರಿನ ಸೇನಾ ಆಸ್ಪತ್ರೆ ಸುಮಾರು 250 ಕಿ.ಮೀ. ದೂರದಲ್ಲಿದೆ, ಕರ್ನಾಟಕದ ಅರ್ಜಿಗಳನ್ನು ಆಲಿಸುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿರುವುದು ಕೊಚ್ಚಿಯಲ್ಲಿ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದವರಿಗೆ ಪ್ರತಿ ಸುತ್ತಾಟವೂ ಎರಡು ಮೂರು ದಿನಗಳ ಕೆಲಸ.

ಹವಾಲ್ದಾರರು 2008ಕ್ಕೆ ಮೊದಲೇ ನಿವೃತ್ತರಾದವರು. ಭರ್ತಿಯ ದಿನದ ತಪಾಸಣಾ ಪತ್ರದ ನಕಲನ್ನು ಕೋರಿ ಅವರು ಈಗ ತಮ್ಮ ರೆಜಿಮೆಂಟಿನ ದಾಖಲೆ ಕಚೇರಿಗೆ ಅಂಚೆಯಲ್ಲಿ ಬರೆದಿದ್ದಾರೆ.